ಕುಂಡದಲ್ಲೊಂದು ಮರುಭೂಮಿ: ಒಣನಾಡಿನ ಗಿಡಮರಗಳ ಬೋನ್ಸಾಯ್

ಬೋನ್ಸಾಯ್ ಎಂದರೆ ಮರವನ್ನು ಆಳವಿಲ್ಲದ ಕುಂಡದಲ್ಲಿ ಬೆಳೆಸಿ, ಗಾತ್ರದಲ್ಲಿ ಕುಬ್ಜವಾಗಿಯೇ ಉಳಿಸಿ, ರೂಪದಲ್ಲಿ ಮಾತ್ರ ಹಳೆಯ ಹೆಮ್ಮರದಂತೆ ಕಾಣಿಸುವ ಕಲೆ. ಚೀನಾದಲ್ಲಿ ಹುಟ್ಟಿದ ಈ ಕಲೆ ಜಪಾನಿನಲ್ಲಿ ಇಂದಿನ ರೂಪ ಪಡೆಯಿತು. ಭಾರತದಲ್ಲಿ ಬೋನ್ಸಾಯ್ ಎಂದೊಡನೆ ನೆನಪಾಗುವುದು ಆಲ, ಅರಳಿ, ಬಸರಿ. ಆದರೆ ನೀರಿಲ್ಲದ ನಾಡಿನ ಗಿಡಮರಗಳಿಂದ ಮಾಡುವ ಬೋನ್ಸಾಯ್ ಬೇರೆಯೇ ಒಂದು ಕವಲಾಗಿ ಬೆಳೆದಿದೆ. ಅಮೆರಿಕದ ಮೊಹಾವಿ ಮತ್ತು ಸೊನೋರ ಮರುಭೂಮಿಗಳ ಜುನಿಪರ್, ಮೆಸ್ಕೀಟ್, ಆಫ್ರಿಕಾ ಮತ್ತು ಅರೇಬಿಯಾದ ಅಡೇನಿಯಂ, ರಾಜಸ್ಥಾನದ ಥಾರ್ ಮರುಭೂಮಿಯ ಖೇಜಡಿ, ಗುಗ್ಗುಳ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಖೇಜಡಿ ಎಂದರೆ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿಯೇ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ನೆಲದಲ್ಲೇ ಹಲವು ದಶಕ ಬೆಳೆದು ತಾನಾಗಿ ಗಿಡ್ಡವಾದ ಮರವನ್ನು ಅಗೆದು ತಂದು ಕುಂಡಕ್ಕೆ ಹೊಂದಿಸುವುದು. ಜಪಾನಿ ಭಾಷೆಯಲ್ಲಿ ಇದಕ್ಕೆ ಯಮಾದೊರಿ ಎನ್ನುತ್ತಾರೆ. ಎರಡನೆಯದು, ಬೀಜದಿಂದ, ಕಡ್ಡಿಯಿಂದ ಅಥವಾ ನರ್ಸರಿ ಸಸಿಯಿಂದ ಬೆಳೆಸುವುದು. ಮೊದಲನೆಯದರಲ್ಲಿ ಹಳೆಯ ರೂಪ ಬೇಗ ಸಿಗುತ್ತದೆ. ಆದರೆ ಮರುಭೂಮಿಯಲ್ಲಿ ಒಂದು ಹಳೆಯ ಮರ ಸತ್ತರೆ ಅದರ ಜಾಗ ತುಂಬಲು ಮನುಷ್ಯನ ಒಂದು ಆಯುಷ್ಯ ಸಾಲದು. ಆದ್ದರಿಂದ ಯಾವುದನ್ನು ಅಗೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದೇ ಈ ಹವ್ಯಾಸದ ಮೊದಲ ಪಾಠ.

ಒಣನಾಡಿನ ಮರ ಗಿಡ್ಡವಾಗುವುದು ಹೇಗೆ?

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಅಲ್ಲಿ ಮರಕ್ಕೆ ಬೆಳೆಯಲು ಸಿಗುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ಕಾಲವೆಲ್ಲ ಎಲೆ ಉದುರಿಸಿ, ಉಸಿರು ಹಿಡಿದು ಕಾಯಬೇಕು. ಬಿಸಿಗಾಳಿಗೆ ತುದಿ ಒಣಗುತ್ತದೆ. ಆಡು, ಒಂಟೆ, ಜಿಂಕೆಗಳು ಚಿಗುರು ಮೇಯುತ್ತವೆ. ಹೀಗೆ ಮತ್ತೆ ಮತ್ತೆ ಕುಡಿ ಕಳೆದುಕೊಂಡ ಮರ ಎತ್ತರಕ್ಕೆ ಹೋಗದೆ ಬುಡದಲ್ಲಿ ದಪ್ಪವಾಗುತ್ತದೆ, ಕಾಂಡ ತಿರುಚಿಕೊಳ್ಳುತ್ತದೆ, ಒಂದು ಪಕ್ಕ ಸತ್ತು ಇನ್ನೊಂದು ಪಕ್ಕ ಬದುಕುತ್ತದೆ. ಬೋನ್ಸಾಯ್ ಮಾಡುವವರು ಕತ್ತರಿ ಮತ್ತು ತಂತಿಯಿಂದ ಮಾಡುವ ಕೆಲಸವನ್ನು ಇಲ್ಲಿ ಬರಗಾಲವೂ ಆಡುಗಳೂ ಮಾಡಿರುತ್ತವೆ.

ನೆಲದ ಕೆಳಗಿನ ಕಥೆ ಇದಕ್ಕೆ ತದ್ವಿರುದ್ಧ. ಮೇಲೆ ಗಿಡ್ಡವಾಗಿರುವ ಮರದ ಬೇರು ಕೆಳಗೆ ಬಹಳ ದೂರ ಹೋಗಿರುತ್ತದೆ. ಅಮೆರಿಕದ ಆರಿಜೋನಾ ರಾಜ್ಯದ ಟೂಸಾನ್ ಬಳಿಯ ಗಣಿಯೊಂದರಲ್ಲಿ ಮೆಸ್ಕೀಟ್ ಮರದ ಬೇರು 50 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿತ್ತು. ಬನ್ನಿಯ ತಾಯಿಬೇರೂ ಹೀಗೆಯೇ ಆಳಕ್ಕೆ ಇಳಿಯುತ್ತದೆ. ನೀರು ಹೀರುವ ಸಣ್ಣ ಬೇರುಗಳು ಬುಡದ ಹತ್ತಿರ ಇರದೆ ದೂರದಲ್ಲಿ, ಆಳದಲ್ಲಿ ಇರುತ್ತವೆ. ಬುಡದ ಸುತ್ತ ಒಂದೂವರೆ ಅಡಿ ಅಗೆದು ಎತ್ತಿದಾಗ ಕೈಗೆ ಬರುವುದು ಕೊರಡಿನಂಥ ದಪ್ಪ ಬೇರು ಮಾತ್ರ. ಹೀಗೆ ಅಗೆದ ಮರಗಳು ಸಾಯುವುದಕ್ಕೆ ಮುಖ್ಯ ಕಾರಣ ಇದೇ.

ಅಮೆರಿಕದಲ್ಲಿ ಬೆಳೆದ ಪದ್ಧತಿ

ಮರುಭೂಮಿಯ ಮರಗಳನ್ನು ಬೋನ್ಸಾಯ್ ಲೋಕಕ್ಕೆ ಪರಿಚಯಿಸಿದವರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಜಪಾನಿ ಮೂಲದವರು ಪ್ರಮುಖರು. ಜಾನ್ ನಾಕಾ (1914-2004) ಅವರು ಈ ಕಲೆಯ ದೊಡ್ಡ ಗುರುಗಳೆಂದು ಹೆಸರಾದವರು. ವಾಷಿಂಗ್ಟನ್ನಿನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಉತ್ತರ ಅಮೆರಿಕದ ಮರಗಳ ವಿಭಾಗಕ್ಕೆ ಅವರದೇ ಹೆಸರಿಡಲಾಗಿದೆ. ಅವರ ಜತೆಗಾರ ಹ್ಯಾರಿ ಹಿರಾವೊ ಅವರಂತೂ 'ಮಿಸ್ಟರ್ ಕ್ಯಾಲಿಫೋರ್ನಿಯಾ ಜುನಿಪರ್' ಎಂದೇ ಖ್ಯಾತರಾಗಿದ್ದರು.

ಕ್ಯಾಲಿಫೋರ್ನಿಯಾ ಜುನಿಪರ್ ಮೊಹಾವಿ ಮರುಭೂಮಿಯ ಅಂಚಿನ ಬೆಟ್ಟಗಳಲ್ಲಿ ಬೆಳೆಯುವ ಮರ. ನೂರಾರು ವರ್ಷ ಬದುಕುತ್ತದೆ. ಕಾಂಡದ ಬಹುಭಾಗ ಸತ್ತು, ಬಿಸಿಲಿಗೆ ಬೆಳ್ಳಗಾಗಿ ಎಲುಬಿನಂತೆ ಕಾಣುತ್ತದೆ. ಒಂದು ಕಿರಿದಾದ ಜೀವಂತ ತೊಗಟೆಯ ಪಟ್ಟಿ ಮಾತ್ರ ಬೇರಿನಿಂದ ಎಲೆಗೆ ನೀರು ಸಾಗಿಸುತ್ತದೆ. ಈ ಸತ್ತ ಮರ ಮತ್ತು ಬದುಕಿದ ಮರದ ಜೋಡಿಯೇ ಅದರ ಸೊಗಸು. ಸಾಮಾನ್ಯವಾಗಿ ಚಳಿಗಾಲದಲ್ಲಿ ಇದನ್ನು ಅಗೆಯುತ್ತಾರೆ. ಅಗೆದ ಮೇಲೆ ಎರಡು ಮೂರು ವರ್ಷ ಕೈ ಹಚ್ಚದೆ ಬಿಡುತ್ತಾರೆ. ಎಲೆ ಒರಟು ಎನಿಸಿದರೆ ಜಪಾನಿನ ನಯವಾದ ಶಿಂಪಾಕು ಜುನಿಪರ್ ಕೊಂಬೆಯನ್ನು ಕಸಿ ಮಾಡುವುದೂ ಉಂಟು.

ಆದರೆ ಅಲ್ಲಿ ಯಾರು ಬೇಕಾದರೂ ಗುದ್ದಲಿ ಹಿಡಿದು ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು ಅಪರಾಧ. ಆರಿಜೋನಾದಲ್ಲಿ ಸ್ಥಳೀಯ ಸಸ್ಯಗಳಿಗೆ ಪ್ರತ್ಯೇಕ ಕಾನೂನಿದೆ. ಮೆಸ್ಕೀಟ್, ಐರನ್‌ವುಡ್, ಪಾಲೋ ವರ್ಡೆ ಮುಂತಾದ ಮರಗಳನ್ನು ಅಗೆದು ಸಾಗಿಸಲು ಜಮೀನಿನ ಒಡೆಯನ ಒಪ್ಪಿಗೆಯ ಜೊತೆಗೆ ಸರ್ಕಾರದ ಪರವಾನಗಿಯೂ ಬೇಕು. ಕ್ಯಾಲಿಫೋರ್ನಿಯಾದಲ್ಲೂ ಮರುಭೂಮಿಯ ಸಸ್ಯಗಳಿಗೆ ಇಂಥದೇ ಕಾನೂನಿದೆ. ಆದ್ದರಿಂದ ರಸ್ತೆ, ಬಡಾವಣೆ, ಗಣಿ ಕೆಲಸಕ್ಕೆಂದು ಹೇಗಿದ್ದರೂ ನೆಲಸಮವಾಗುವ ಜಾಗದ ಮರಗಳನ್ನು ಅನುಮತಿ ಪಡೆದು ಉಳಿಸಿಕೊಳ್ಳುವ ಪದ್ಧತಿ ಅಲ್ಲಿ ಬೆಳೆದಿದೆ. ಈ ಪದ್ಧತಿ ಎಲ್ಲ ಒಣನಾಡಿಗೂ ಅನ್ವಯಿಸುತ್ತದೆ.

ಮುಟ್ಟಬಾರದ ಮರಗಳು

ಥಾರ್ ಮರುಭೂಮಿಯ ಗುಗ್ಗುಳದ ಗಿಡ ದಪ್ಪ ಕಾಂಡ, ಸಿಪ್ಪೆ ಏಳುವ ತೊಗಟೆ, ಸಣ್ಣ ಎಲೆಗಳಿಂದ ಬೋನ್ಸಾಯ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಧೂಪಕ್ಕೂ ಔಷಧಕ್ಕೂ ಅಂಟು ತೆಗೆದು ತೆಗೆದು ಕಾಡಿನಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2015ರಲ್ಲಿ ಅದನ್ನು 'ಅತ್ಯಂತ ಅಪಾಯದಲ್ಲಿರುವ' ಸಸ್ಯಗಳ ಪಟ್ಟಿಗೆ ಸೇರಿಸಿದೆ. ಕಾಡಿನ ಗುಗ್ಗುಳವನ್ನು ಅಗೆಯುವುದು ಎಂದರೆ ಉಳಿದಿರುವ ನಾಲ್ಕರಲ್ಲಿ ಒಂದನ್ನು ಕಳೆದಂತೆ. ಸಮಾಧಾನದ ಸಂಗತಿ ಎಂದರೆ ಅದು ಕಡ್ಡಿಯಿಂದ ಸುಲಭವಾಗಿ ಬೆಳೆಯುತ್ತದೆ.

ಬನ್ನಿಯ ವಿಷಯವೂ ಹಾಗೆಯೇ. ರಾಜಸ್ಥಾನ 1983ರಲ್ಲಿ ಇದನ್ನು ರಾಜ್ಯವೃಕ್ಷವೆಂದು ಘೋಷಿಸಿತು. ತೆಲಂಗಾಣವೂ ಜಮ್ಮಿ ಚೆಟ್ಟು ಎಂಬ ಹೆಸರಿನ ಇದೇ ಮರವನ್ನು ತನ್ನ ರಾಜ್ಯವೃಕ್ಷ ಮಾಡಿಕೊಂಡಿದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿ ಸೇರಿದಂತೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟದ್ದು ಈ ಮರಗಳನ್ನು ಉಳಿಸಲಿಕ್ಕಾಗಿ. ಎಲೆ ದನಕರುಗಳಿಗೆ ಮೇವು, ಎಳೆಗಾಯಿ ಥಾರ್ ಜನರಿಗೆ ಪಲ್ಯ, ಬೇರು ಹೊಲದ ಮಣ್ಣಿಗೆ ಸಾರಜನಕ. ಇಂಥ ಮರದ ಹಳೆಯ ಬುಡವನ್ನು ಹೊಲದ ಬದುವಿನಿಂದ ಕಿತ್ತು ಕುಂಡಕ್ಕೆ ಹಾಕಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮೇಲಾಗಿ ಬದುಕುವ ಭರವಸೆಯೂ ಇಲ್ಲ. ಬನ್ನಿ ಬೋನ್ಸಾಯ್ ಬೇಕಾದವರಿಗೆ ಬೀಜವೇ ದಾರಿ.

ರಾಯಲಸೀಮೆಯ ಬೆಟ್ಟಗಳ ರಕ್ತಚಂದನವಂತೂ ಕಾನೂನಿನ ಬಿಗಿ ಕಾವಲಿನಲ್ಲಿರುವ ಮರ. ಅಂತಾರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣದಲ್ಲಿದೆ. ಕಾಡಿನಿಂದ ಒಂದು ಸಸಿ ತಂದರೂ ತೊಂದರೆ ತಪ್ಪಿದ್ದಲ್ಲ.

ಅಗೆಯಬಹುದಾದ ಮರ: ಬಳ್ಳಾರಿ ಜಾಲಿ

ರಾಯದುರ್ಗ, ಆದವಾನಿ, ಮಡಕಶಿರಾ, ಜತ್ತ, ಸೊಲ್ಲಾಪುರದ ಸೀಮೆ ನಿಜವಾದ ಮರುಭೂಮಿ ಅಲ್ಲ, ಮಳೆ ಕಡಿಮೆಯ ಬಯಲು. ಆದರೆ ಇಲ್ಲಿನ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲಗಳಲ್ಲೆಲ್ಲ ಒಂದು ಹೊರನಾಡಿನ ಒಣಮರ ಹಬ್ಬಿಕೊಂಡಿದೆ. ಕನ್ನಡದಲ್ಲಿ ಬಳ್ಳಾರಿ ಜಾಲಿ, ತೆಲುಗಿನಲ್ಲಿ ಸರ್ಕಾರು ತುಮ್ಮ, ತಮಿಳಿನಲ್ಲಿ ಸೀಮೈ ಕರುವೇಲಂ, ಮರಾಠಿಯಲ್ಲಿ ವೇಡಿ ಬಾಭೂಳ ಎಂದು ಕರೆಯುವುದು ಈ ಮರವನ್ನೇ. ಸಸ್ಯಶಾಸ್ತ್ರದಲ್ಲಿ ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಪರಿಚಿತ. ಅಮೆರಿಕದ ಮೆಸ್ಕೀಟ್‌ಗೆ ಇದು ಹತ್ತಿರದ ನೆಂಟ. 19ನೇ ಶತಮಾನದ ಉತ್ತರಾರ್ಧದಲ್ಲಿ ಉರುವಲಿಗಾಗಿ, ಬರಡು ನೆಲ ಹಸಿರು ಮಾಡುವುದಕ್ಕಾಗಿ ಭಾರತಕ್ಕೆ ತರಲಾಯಿತು. ದನ, ಆಡುಗಳು ತಿಂದ ಕಾಯಿಯ ಬೀಜ ಸಗಣಿ ಹಿಕ್ಕೆಯ ಮೂಲಕ ಹರಡಿ ಈಗ ತೆಗೆದಷ್ಟೂ ಮುಗಿಯದ ಪಿಡುಗಾಗಿದೆ. ತಮಿಳುನಾಡಿನಲ್ಲಿ ಇದನ್ನು ತೆಗೆಯುವಂತೆ ಮದ್ರಾಸ್ ಹೈಕೋರ್ಟೇ ಆದೇಶ ನೀಡಿದೆ.

ಬೋನ್ಸಾಯ್ ದೃಷ್ಟಿಯಿಂದ ಇದಕ್ಕೆ ಹಲವು ಗುಣಗಳಿವೆ. ಎಲೆ ಸಣ್ಣದು. ತೊಗಟೆ ಬೇಗ ಒರಟಾಗಿ ಹಳೆಯದರಂತೆ ಕಾಣುತ್ತದೆ. ಉರುವಲಿಗೆ ಕಡಿದಷ್ಟೂ ಚಿಗುರಿ, ಬುಡ ಗಂಟುಗಂಟಾಗಿ ದಪ್ಪವಾಗುತ್ತದೆ. ಹತ್ತಾರು ಬಾರಿ ಕೊಡಲಿ ತಿಂದ ಮೋಟು ಬುಡವೇ ಅತ್ಯುತ್ತಮ ಬೋನ್ಸಾಯ್ ಸಾಮಗ್ರಿ. ಹೊಲದ ಒಡೆಯನಿಗೆ ಜಾಗ ಖಾಲಿಯಾಗುತ್ತದೆ, ಹವ್ಯಾಸಿಗೆ ಮರ ಸಿಗುತ್ತದೆ, ನೆಲಕ್ಕೆ ನಷ್ಟವಿಲ್ಲ.

ಅಗೆಯುವ ಕ್ರಮ ಹೀಗಿದೆ:

1. ಆಯ್ಕೆ: ಎರಡರಿಂದ ನಾಲ್ಕು ಇಂಚು ದಪ್ಪದ ಬುಡ ಸಾಕು. ಬುಡದಲ್ಲಿ ಅಗಲವಾಗಿ ಮೇಲೆ ಹೋದಂತೆ ಸಪೂರವಾಗುವ, ಸುತ್ತ ಪಕ್ಕಬೇರು ಇರುವ ಮರವನ್ನು ಆರಿಸಬೇಕು. ಬಂಡೆಯ ಮೇಲೆ ಅಥವಾ ಗರಸು ನೆಲದಲ್ಲಿ ಬೆಳೆದದ್ದಾದರೆ ಬೇರು ಆಳಕ್ಕೆ ಹೋಗದೆ ಪಕ್ಕಕ್ಕೆ ಹರಡಿರುವ ಸಾಧ್ಯತೆ ಹೆಚ್ಚು.

2. ಕಾಲ: ಮೃಗಶಿರಾ, ಆರಿದ್ರಾ ಮಳೆಗಳ ಸಮಯ ಸೂಕ್ತ. ನೆಲ ಮೆತ್ತಗಿರುತ್ತದೆ, ಗಾಳಿಯಲ್ಲಿ ತೇವವಿರುತ್ತದೆ. ಬಿರುಬೇಸಗೆಯಲ್ಲಿ ಅಗೆಯಬಾರದು.

3. ಮುಂಚಿನ ಸಿದ್ಧತೆ: ಸಮಯವಿದ್ದರೆ ಒಂದು ವರ್ಷ ಮೊದಲೇ ಬುಡದಿಂದ ಒಂದಡಿ ದೂರದಲ್ಲಿ ಅರ್ಧ ಸುತ್ತು ಕಾಲುವೆ ತೋಡಿ, ಆ ಭಾಗದ ಬೇರು ಕತ್ತರಿಸಿ, ಮರಳು ಮತ್ತು ಕಳಿತ ಗೊಬ್ಬರ ತುಂಬಬೇಕು. ಕತ್ತರಿಸಿದ ತುದಿಯಲ್ಲಿ ನವಿರು ಬೇರುಗಳು ಒಡೆಯುತ್ತವೆ. ಮುಂದಿನ ಮಳೆಗಾಲದಲ್ಲಿ ಪೂರ್ತಿ ಎತ್ತಬಹುದು. ನಾಳೆಯೇ ಜೆಸಿಬಿ ಬರುವ ಜಾಗವಾದರೆ ನೇರವಾಗಿ ಅಗೆಯುವುದು ಅನಿವಾರ್ಯ.

4. ಅಗೆತ: ಕಾಂಡವನ್ನು ಒಂದರಿಂದ ಒಂದೂವರೆ ಅಡಿಗೆ ಕತ್ತರಿಸಿ, ಸುತ್ತ ಅಗೆದು, ತಾಯಿಬೇರನ್ನು ಗರಗಸದಿಂದ ಕೊಯ್ಯಬೇಕು. ಜಾಲಿಯ ಚಿಗುರು ಒಡೆಯುವ ಭಾಗ ಬುಡದಲ್ಲಿ, ನೆಲಮಟ್ಟದ ತುಸು ಕೆಳಗೂ ಇರುತ್ತದೆ. ಆ ಭಾಗ ಪೂರ್ತಿಯಾಗಿ ಮರದ ಜೊತೆಗೇ ಬರಬೇಕು. ನೆಲದಲ್ಲಿ ಉಳಿದರೆ ಹೊಲದಲ್ಲಿ ಮತ್ತೆ ಜಾಲಿ ಏಳುತ್ತದೆ. ಪಕ್ಕಬೇರು, ನವಿರು ಬೇರು ಎಷ್ಟು ಸಾಧ್ಯವೋ ಅಷ್ಟು ಉಳಿಸಬೇಕು.

5. ಸಾಗಣೆ: ಬೇರು ಹತ್ತು ನಿಮಿಷ ಬಿಸಿಲಿಗೆ ಒಣಗಿದರೂ ಕೆಲಸ ಕೆಟ್ಟಂತೆ. ಅಗೆದ ಕೂಡಲೇ ಒದ್ದೆ ಗೋಣಿಚೀಲ ಸುತ್ತಬೇಕು. ಆ ಜಾಗದ ಮಣ್ಣನ್ನು ಒಂದೆರಡು ಹಿಡಿ ತಂದು ಕುಂಡದ ಮಣ್ಣಿಗೆ ಸೇರಿಸಿದರೆ ಬೇರಿಗೆ ನೆರವಾಗುವ ಸೂಕ್ಷ್ಮಜೀವಿಗಳು ಸಿಗುತ್ತವೆ.

6. ನೆಡುವುದು: ಮೊದಲಿಗೆ ಬೋನ್ಸಾಯ್ ತಟ್ಟೆ ಬೇಡ. ಮರದ ಪೆಟ್ಟಿಗೆ ಅಥವಾ ತೂತು ಮಾಡಿದ ಹಳೆಯ ಪ್ಲಾಸ್ಟಿಕ್ ತೊಟ್ಟಿ ಸಾಕು. ಬುಡ ಅಲುಗಾಡದಂತೆ ತಂತಿಯಿಂದ ಬಿಗಿದು, ಕತ್ತರಿಸಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ, ನಾಲ್ಕರಿಂದ ಆರು ವಾರ ನೆರಳಲ್ಲಿಡಬೇಕು. ಕಾಂಡಕ್ಕೆ ದಿನಕ್ಕೆ ಎರಡು ಬಾರಿ ನೀರು ಚಿಮುಕಿಸಬೇಕು.

7. ಕಾಯುವುದು: ಮೂರು ನಾಲ್ಕು ವಾರಕ್ಕೆ ಚಿಗುರು ಕಂಡರೆ ಗೆದ್ದೆವೆಂದು ತಿಳಿಯಬಾರದು. ಮೊದಲ ಚಿಗುರು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಬಂದದ್ದು. ಬೇರು ಹಿಡಿಯದಿದ್ದರೆ ಆ ಚಿಗುರು ಒಂದೆರಡು ತಿಂಗಳಲ್ಲಿ ಬಾಡುತ್ತದೆ. ಎರಡನೇ ಬಾರಿಯ ಚಿಗುರು ಗಟ್ಟಿಯಾಗಿ ಬೆಳೆದ ಮೇಲೆ ಗೊಬ್ಬರ ಕೊಡಬೇಕು. ಒಂದು ವರ್ಷ ಪೂರ್ತಿ ಸವರಬಾರದು.

ಜಾಲಿಯ ಮುಳ್ಳು ಚುಚ್ಚಿ ಒಳಗೇ ಮುರಿದರೆ ಕೀವು ತುಂಬುತ್ತದೆ. ದಪ್ಪ ತೊಗಲಿನ ಕೈಗವಸು, ಗಟ್ಟಿ ಅಟ್ಟೆಯ ಬೂಟು, ಕಣ್ಣಿಗೆ ಕನ್ನಡಕ ಇಲ್ಲದೆ ಕೆಲಸಕ್ಕೆ ಇಳಿಯಬಾರದು. ಕುಂಡದಲ್ಲಿ ಬೆಳೆದ ಜಾಲಿ ಕಾಯಿ ಬಿಟ್ಟರೆ ಬಲಿಯುವ ಮುನ್ನವೇ ಕಿತ್ತು ಸುಡಬೇಕು.

ಬೀಜ ಮತ್ತು ಕಡ್ಡಿಯಿಂದ ಬೆಳೆಸುವುದು

ಬನ್ನಿ: ಬೇಸಗೆಯ ಕೊನೆಗೆ ಬಲಿತ ಕಾಯಿಗಳನ್ನು ಆರಿಸಿ ಬೀಜ ಬಿಡಿಸಬೇಕು. ಒಂದು ದಿನ ನೀರಲ್ಲಿ ನೆನೆಸಿ ಬಿತ್ತಿದರೆ ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಸಸಿ ಗೇಣುದ್ದ ಬೆಳೆಯುವ ಮುನ್ನವೇ ತಾಯಿಬೇರು ಅದಕ್ಕಿಂತ ಎಷ್ಟೋ ಉದ್ದ ಇಳಿದಿರುತ್ತದೆ. ಆದ್ದರಿಂದ ಎಳೆಯದಿರುವಾಗಲೇ ಕಿತ್ತು ತಾಯಿಬೇರಿನ ತುದಿ ಚಿವುಟಿ ಮತ್ತೆ ನೆಡಬೇಕು. ಹಾಗೆ ಮಾಡಿದರೆ ಪಕ್ಕಬೇರುಗಳು ಒಡೆದು ಮುಂದೆ ಆಳವಿಲ್ಲದ ಕುಂಡಕ್ಕೆ ಒಗ್ಗುತ್ತದೆ.

ಬೋರೆ: ಕೆಲವೆಡೆ ಬಾರಿ, ಕೆಲವೆಡೆ ಎಲಚಿ. ತೆಲುಗಿನಲ್ಲಿ ರೇಗು, ಮರಾಠಿಯಲ್ಲಿ ಬೋರ್. ಅಂಕುಡೊಂಕು ರೆಂಬೆ, ಹೊಳೆಯುವ ಎಲೆ, ಸಣ್ಣ ಹಣ್ಣು ಇರುವ ಕಾಡುಬೋರೆ ಕುಂಡದಲ್ಲೂ ಕಾಯಿ ಬಿಡುವ ಗಿಡ. ಗೊರಟೆಯ ಗಟ್ಟಿ ಚಿಪ್ಪನ್ನು ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಒಡೆದು ಬಿತ್ತಬೇಕು.

ಗುಗ್ಗುಳ: ಪೆನ್ಸಿಲ್‌ಗಿಂತ ದಪ್ಪದ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಗಾಯ ಒಣಗಿದ ಮೇಲೆ ಮಳೆಗಾಲದ ಆರಂಭದಲ್ಲಿ ಮರಳು ಮಿಶ್ರಣದಲ್ಲಿ ನೆಡಬೇಕು. ಕಡ್ಡಿಯನ್ನು ನರ್ಸರಿಯಿಂದಲೋ ಬೆಳೆಸಿದವರಿಂದಲೋ ಪಡೆಯಬೇಕು, ಕಾಡಿನಿಂದ ಕಡಿದು ತರಬಾರದು.

ಅಡೇನಿಯಂ: ಡೆಸರ್ಟ್ ರೋಸ್ ಎಂಬ ಹೆಸರಲ್ಲಿ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಬೀಜದಿಂದ ಬೆಳೆದ ಗಿಡಕ್ಕೆ ಮಾತ್ರ ಗಡಿಗೆಯಂಥ ದಪ್ಪ ಬುಡ ಚೆನ್ನಾಗಿ ಬರುತ್ತದೆ. ಕೊಂಬಿನಂಥ ಜೋಡಿ ಕಾಯಿ ಒಡೆದರೆ ಬೀಜ ಗಾಳಿಗೆ ಹಾರಿಹೋಗುತ್ತದೆ, ಆದ್ದರಿಂದ ಮೊದಲೇ ದಾರ ಸುತ್ತಿಡಬೇಕು. ಹೊಸ ಬೀಜ ಒಂದು ವಾರದಲ್ಲಿ ಮೊಳೆಯುತ್ತದೆ. ಪ್ರತಿ ಬಾರಿ ಕುಂಡ ಬದಲಿಸುವಾಗ ಗಿಡವನ್ನು ಒಂದಿಂಚು ಮೇಲಕ್ಕೆ ಎತ್ತಿ ನೆಟ್ಟರೆ ದಪ್ಪ ಬೇರುಗಳು ಹೊರಗೆ ಕಾಣತೊಡಗುತ್ತವೆ. ಇದರ ಹಾಲು ವಿಷ. ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರು. ಕತ್ತರಿಸುವಾಗ ಕೈಗವಸು ಬೇಕು, ಮಕ್ಕಳು ಮತ್ತು ಆಡು ಕುರಿಗಳಿಂದ ದೂರವಿಡಬೇಕು.

ಸ್ಪೆಕ್‌ಬೂಮ್: ದಕ್ಷಿಣ ಆಫ್ರಿಕಾದ ಒಣ ಪೊದೆಗಾಡಿನ ಗಿಡ. ಇಲ್ಲಿನ ನರ್ಸರಿಗಳಲ್ಲಿ ಸಣ್ಣ ಎಲೆಯ ಜೇಡ್ ಎಂದು ಮಾರುತ್ತಾರೆ. ಕಡ್ಡಿ ಮುರಿದು ಮೂರು ನಾಲ್ಕು ದಿನ ನೆರಳಲ್ಲಿ ಒಣಗಿಸಿ ನೆಟ್ಟರೆ ಬೇರು ಬಿಡುತ್ತದೆ. ಹೊಸಬರಿಗೆ, ಶಾಲಾ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಗಿಡ ಇಲ್ಲ.

ಮಣ್ಣು, ಕುಂಡ, ನೀರು

ಒಣನಾಡಿನ ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಎರೆಮಣ್ಣು ಕುಂಡಕ್ಕೆ ಸಲ್ಲದು. ನೆನೆದರೆ ಅಂಟಾಗುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಜೋಳದ ಕಾಳಿನ ಗಾತ್ರದ ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು ಬೆರೆಸಿ, ಜರಡಿಯಲ್ಲಿ ಹುಡಿ ತೆಗೆದು ಬಳಸಬಹುದು. ಅಡೇನಿಯಂ, ಗುಗ್ಗುಳ, ಸ್ಪೆಕ್‌ಬೂಮ್‌ಗೆ ಗೊಬ್ಬರದ ಪಾಲು ಅರ್ಧಕ್ಕೆ ಇಳಿಸಬೇಕು. ಕುಂಡದ ತಳದಲ್ಲಿ ದೊಡ್ಡ ತೂತುಗಳಿರಬೇಕು, ಅವುಗಳ ಮೇಲೆ ಜಾಳಿಗೆ ಇಡಬೇಕು.

ಮರುಭೂಮಿಯ ಗಿಡಕ್ಕೆ ನೀರೇ ಬೇಡ ಎಂಬುದು ತಪ್ಪು ತಿಳಿವಳಿಕೆ. ನೆಲದಲ್ಲಿರುವಾಗ ಆಳದ ತೇವ ಹುಡುಕಿಕೊಳ್ಳುವ ಬನ್ನಿ, ಜಾಲಿ, ಬೋರೆಗಳಿಗೆ ಮೂರಿಂಚಿನ ಕುಂಡದಲ್ಲಿ ಆ ದಾರಿ ಇಲ್ಲ. ಬೆಳೆಯುವ ಕಾಲದಲ್ಲಿ ಅವುಗಳಿಗೆ ದಿನವೂ ನೀರು ಬೇಕು, ಕಡುಬೇಸಗೆಯಲ್ಲಿ ಎರಡು ಹೊತ್ತೂ ಬೇಕು. ತಳದಿಂದ ಹರಿದು ಬರುವಷ್ಟು ಹಾಕಬೇಕು. ಕಾಂಡದಲ್ಲೇ ನೀರು ಕೂಡಿಡುವ ಅಡೇನಿಯಂ, ಸ್ಪೆಕ್‌ಬೂಮ್‌ಗೆ ಮಾತ್ರ ಮಣ್ಣು ಒಣಗಿದ ಮೇಲೆ ನೀರು ಕೊಡಬೇಕು. ಚಳಿಗಾಲದಲ್ಲಿ ಎಲೆ ಉದುರಿದಾಗ ಇನ್ನೂ ಕಡಿಮೆ ಮಾಡಬೇಕು.

ಬಯಲುಸೀಮೆಯ ಅನೇಕ ಕಡೆ ಕೊಳವೆಬಾವಿಯ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಮಳೆನೀರು ಹಿಡಿದಿಟ್ಟು ಆಗಾಗ ಧಾರಾಳವಾಗಿ ಹಾಯಿಸಿದರೆ ಉಪ್ಪು ತೊಳೆದುಹೋಗುತ್ತದೆ.

ಊರಿಗೆ ತಕ್ಕಂತೆ ಆರೈಕೆಯೂ ಬೇರೆಯಾಗುತ್ತದೆ. ಸೊಲ್ಲಾಪುರ, ಆದವಾನಿ ಕಡೆಯ ಬೇಸಗೆಯಲ್ಲಿ ಆಳವಿಲ್ಲದ ಕುಂಡ ಕಾದು ಬೇರು ಬೇಯುತ್ತದೆ. ಮಧ್ಯಾಹ್ನ ನೆರಳುಪರದೆ ಕಟ್ಟುವುದು ಅಥವಾ ಕುಂಡವನ್ನು ಒದ್ದೆ ಮರಳಿನ ತಟ್ಟೆಯಲ್ಲಿ ಹೂತಿಡುವುದು ಉಪಾಯ. ಕಾಸರಗೋಡು, ವಯನಾಡು, ಗೋವಾದ ಜಡಿಮಳೆಯಲ್ಲಿ ಇವೇ ಗಿಡಗಳು ಕೊಳೆತುಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ, ಆದರೆ ಬೆಳಕು ಬೀಳುವಲ್ಲಿ ಇಡಬೇಕು. ನೀಲಗಿರಿಯ ಮಂಜು ಬೀಳುವ ಎತ್ತರದಲ್ಲಿ ಅಡೇನಿಯಂ ಬಾಳುವುದಿಲ್ಲ, ಜುನಿಪರ್ ಜಾತಿಯವು ಅಲ್ಲಿಗೆ ಹೆಚ್ಚು ಹೊಂದುತ್ತವೆ.

ರೂಪ ಕೊಡುವುದು

ಮರುಭೂಮಿಯ ಮರ ಜಪಾನಿ ಪೈನ್ ಮರದ ಹಾಗೆ ತ್ರಿಕೋನವಾಗಿರುವುದಿಲ್ಲ. ಬನ್ನಿ, ಜಾಲಿಗಳ ತಲೆ ಕೊಡೆಯಂತೆ ಚಪ್ಪಟೆಯಾಗಿ ಹರಡಿರುತ್ತದೆ, ಕೆಳಗಿನ ಕೊಂಬೆಗಳನ್ನು ದನಗಳು ತಿಂದಿರುತ್ತವೆ. ಹೊಲದ ಬದುವಿನ ಮರವನ್ನೇ ಸರಿಯಾಗಿ ನೋಡಿ ಅದರಂತೆ ರೂಪಿಸುವುದು ಉತ್ತಮ. ಚಿಗುರು ಐದಾರು ಗರಿ ಬೆಳೆದಾಗ ಎರಡು ಗರಿ ಉಳಿಸಿ ಕತ್ತರಿಸಿದರೆ ರೆಂಬೆ ಕವಲೊಡೆಯುತ್ತದೆ. ಜಾಲಿಯ ಬಲಿತ ಕೊಂಬೆ ಬಾಗುವ ಬದಲು ಮುರಿಯುತ್ತದೆ. ಎಳೆಯದಿರುವಾಗಲೇ ಅಲ್ಯೂಮಿನಿಯಂ ತಂತಿ ಸುತ್ತಿ ಬಗ್ಗಿಸಿ, ತೊಗಟೆಗೆ ತಂತಿ ಕಚ್ಚುವ ಮುನ್ನ ತೆಗೆಯಬೇಕು.

ಸತ್ತ ಭಾಗವನ್ನು ಕತ್ತರಿಸಿ ಎಸೆಯಬಾರದು. ತೊಗಟೆ ಸುಲಿದು, ನಾರಿನ ಜಾಡಿನಲ್ಲೇ ಸೀಳಿ, ಸುಣ್ಣ ಗಂಧಕದ ದ್ರಾವಣ ಹಚ್ಚಿದರೆ ಬಿಳುಪಾಗಿ ಬಹುಕಾಲ ಉಳಿಯುತ್ತದೆ. ಆದರೆ ಇಲ್ಲಿ ಗೆದ್ದಲಿನ ಕಾಟ ಹೆಚ್ಚು. ಸತ್ತ ಮರ ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು, ಕುಂಡವನ್ನು ನೆಲದ ಮೇಲಿಡದೆ ಕಲ್ಲು ಅಥವಾ ಮೇಜಿನ ಮೇಲಿಡಬೇಕು.

ಗಡಿಯ ಎರಡೂ ಬದಿಯ ಕಾನೂನು

ಮರ ಒಂದೇ ಆದರೂ ಗಡಿಯ ಆಚೆ ಈಚೆ ಕಾನೂನು ಬೇರೆ. ಕರ್ನಾಟಕಕ್ಕೆ 1963ರ ಅರಣ್ಯ ಕಾಯ್ದೆ, ಆಂಧ್ರಪ್ರದೇಶಕ್ಕೆ 1967ರದು, ತಮಿಳುನಾಡಿಗೆ 1882ರದು ಇದ್ದರೆ, ಮಹಾರಾಷ್ಟ್ರದಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆ ಜಾರಿಯಲ್ಲಿದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಅಗೆಯುವುದು ಎಲ್ಲೆಡೆಯೂ ಅಪರಾಧ. ಸೊಲ್ಲಾಪುರದ ಬಳಿಯ ನಾನ್ನಜ ಎರೆಭೂತ ಹಕ್ಕಿಧಾಮದಂಥ ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಗೋಮಾಳ, ಕೆರೆಯಂಗಳ, ರಸ್ತೆಬದಿ ಇವು ಯಾರದೂ ಅಲ್ಲದ ಜಾಗಗಳಲ್ಲ. ಪಂಚಾಯಿತಿ ಅಥವಾ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಬೇಕು. ಸ್ವಂತ ಹೊಲದ ಮರವನ್ನೂ ಗಡಿ ದಾಟಿಸುವ ಮುನ್ನ ಎರಡೂ ಕಡೆಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಅಗತ್ಯವಿದ್ದರೆ ಸಾಗಣೆ ಪರವಾನಗಿ ಪಡೆಯುವುದು ಕ್ಷೇಮ.

ಸಂಗ್ರಹ ಮಾಡುವವರಿಗೆ

ಹಳೆಯ ಬುಡದ ಬೋನ್ಸಾಯ್ ಕೊಳ್ಳುವವರು ಮೂರು ವಿಷಯ ಕೇಳಿ ತಿಳಿಯಬೇಕು. ಮರ ಎಲ್ಲಿಯದು, ಯಾರ ಒಪ್ಪಿಗೆಯಿಂದ ಅಗೆದದ್ದು, ಕುಂಡಕ್ಕೆ ಬಂದು ಎಷ್ಟು ವರ್ಷವಾಯಿತು. ಎರಡು ವರ್ಷ ತುಂಬದ ಮರವನ್ನು ಬದುಕಿದ ಮರವೆಂದು ಲೆಕ್ಕ ಹಾಕಬಾರದು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು. ಕೊಳ್ಳುವವರಿರುವ ತನಕ ಕೀಳುವವರೂ ಇರುತ್ತಾರೆ. ಅದೇ ರೀತಿ ಬದುವಿನ ಹಳೆಯ ಬನ್ನಿಯ ಬುಡಕ್ಕೆ ಯಾರಾದರೂ ಬೆಲೆ ಕಟ್ಟಲು ಬಂದರೆ, ಅದು ಕೊಡುವ ಮೇವು, ನೆರಳು, ಹಬ್ಬದ ದಿನದ ಪತ್ರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರತಿ ಗಿಡಕ್ಕೂ ಒಂದು ಚೀಟಿ ಕಟ್ಟಿ ಹೆಸರು, ಊರು, ನೆಟ್ಟ ವರ್ಷ ಬರೆದಿಡುವುದು ಒಳ್ಳೆಯ ಅಭ್ಯಾಸ. ಬೀಜದಿಂದ ಬೆಳೆದ ಬನ್ನಿ ಮರದ ರೂಪ ತಳೆಯಲು ಹತ್ತು ಹದಿನೈದು ವರ್ಷ ಬೇಕಾದೀತು. ಅಷ್ಟರಲ್ಲಿ ಜಾಲಿಯ ಮೋಟು ಬುಡವೊಂದು ಮೂರು ನಾಲ್ಕು ವರ್ಷಕ್ಕೇ ನೋಡುವಂತಾಗುತ್ತದೆ. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಕಾಯುವ ಬೇಸರವೂ ಇರುವುದಿಲ್ಲ, ಹೊಲದ ಬನ್ನಿ ಹೊಲದಲ್ಲೇ ಉಳಿಯುತ್ತದೆ.